ಮೇಲಿನ ಕೋಣೆಯ ಬೀಗದ ಕೈ

“ಅಮ್ಮಾ, ಬೀಗದ ಕೈ ಎಲ್ಲಿ? ಇಲ್ಲೇ ಮೊಳೆಗೆ ತಗುಲಿಹಾಕಿದ್ದೆನಲ್ಲ!”

ಮಗನ ದನಿ ಆಗಲೇ ನಡುಗತೊಡಗಿತ್ತು. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಕೊಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಜೇಬುಗಳನ್ನೆಲ್ಲ ಒಳಹೊರಗು ಮಾಡಿ ತಡಕಿದ, ಚಪ್ಪಲಿಗಳ ಗೂಡಿಗೆ ಬಗ್ಗಿ ನೋಡಿದ, ಮಂಚದ ಮೇಲಿನ ಹಾಸಿಗೆಯನ್ನೇ ಎತ್ತಿ ಗೋಡೆಗೆ ಒರಗಿಸಿದ. ಆಸ್ಪತ್ರೆಯ ಕೆಲಸದಿಂದ ಆಗತಾನೇ ಬಂದಿದ್ದ ಅವನ ಹೆಂಡತಿ, ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆಯುತ್ತಿದ್ದಳು. ಮನೆಯೆಲ್ಲ ಹೀಗೆ ಅಲ್ಲೋಲಕಲ್ಲೋಲವಾಗುತ್ತಿದ್ದರೂ ಕಿಟಕಿಯ ಬಳಿ ಕುಳಿತಿದ್ದ ತಾಯಿ ಮಾತ್ರ ಕುರ್ಚಿ ಬಿಟ್ಟು ಅಲುಗಾಡಲಿಲ್ಲ. ಮಡಿಲಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಬಗೆಬಗೆಯ ಗುಂಡಿಗಳು. ಮಗನ ಅಂಗಿಗೆ ಗುಂಡಿ ಹಚ್ಚುತ್ತ ಅವರು ತಲೆಯೆತ್ತದೆಯೇ ಹೇಳಿದರು.

“ನನಗೇನು ಗೊತ್ತಪ್ಪ? ಒಂದು ವಾರ ಹೋಗದಿದ್ರೆ ಏನು ಮುಳುಗಿಹೋಗತ್ತೆ? ಇವತ್ತು ನಿನ್ನ ತಂಗಿ, ಅಳಿಯಂದಿರು ಈ ಕಡೆ ಬರ್ತಿದಾರಂತೆ. ಏನೋ ಕೆಲಸ ಮುಗಿಸಿಕೊಂಡು ಮನೆಗೆ ಬರ್ತೀವಿ ಅಂದಿದಾರೆ. ಅಣ್ಣ ಎಲ್ಲಿ ಅಂತ ಕೇಳಿದ್ರೆ ನಾನೇನು ಹೇಳಲಿ? ಕುಡುಕರ ಜೊತೆ ಕೂತಿದಾನೆ ಅನ್ನಲಾ?”

“ಕುಡಿಯೋದು ಬಿಟ್ಟವರ ಜೊತೆ, ಅತ್ತೆ,” ಎಂದಳು ಸೊಸೆ ಒಳಗಿನಿಂದ.

“ಬಿಟ್ಟವರಂತೆ! ಬಿಟ್ಟ ಮೇಲೆ ವಾರವಾರ ಅದರದ್ದೇ ಮಾತೇನು?”

“ಅಮ್ಮ, ಎಲ್ಲರೂ ಮೆಟ್ಟಿಲ ಮೇಲೆ ಕಾಯ್ತಿರ್ತಾರೆ... ನಮ್ಮಲ್ಲಿ ಬೀಗದ ಕೈ ಇರೋದು ನನ್ನ ಹತ್ರ ಮಾತ್ರ!” ಎಂದವನೇ ಮಗ ಚಪ್ಪಲಿಯನ್ನು ಅರ್ಧಂಬರ್ಧ ಮೆಟ್ಟಿಕೊಂಡು, ಬರಿಗೈಯಲ್ಲೇ ಓಡಿದ.

ಇದನ್ನು ಮುಚ್ಚಿಟ್ಟು ಓದುವವರನ್ನು ಸತಾಯಿಸುವ ಆಸೆ ನನಗಿಲ್ಲ. ಬೀಗದ ಕೈ ಆ ಡಬ್ಬಿಯಲ್ಲೇ ಇತ್ತು. ಗುಂಡಿಗಳ ತಳದಲ್ಲಿ, ತಾಯಿಯ ಮಡಿಲಲ್ಲಿ.

ಆ ತಾಯಿಯನ್ನು ಬೀದಿಗೆ ಬೀದಿಯೇ ‘ಟೀಚರಮ್ಮ’ ಎನ್ನುತ್ತಿತ್ತು. ಔಷಧಿ ಅಂಗಡಿಯವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಅವರ ಮುಂದೆ ಕೈಕಟ್ಟಿ ನಿಂತವರು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಒಂಟಿಯಾಗಿ ಬೆಳೆಸಿದ ಹೆಣ್ಣುಮಗಳು. ಕೆಟ್ಟವರಲ್ಲ. ಆದರೆ ನಾಲ್ಕು ಜನರ ಬಾಯಿಗೆ ಬೀಳುವುದೆಂದರೆ ಅವರಿಗೆ ಜೀವ ಹೋದಂತೆ! ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು. ಅವನು ಕುಡಿದು ಬಿದ್ದಿರುತ್ತಿದ್ದ ದಿನಗಳಲ್ಲಿ ಟೀಚರಮ್ಮ ಬಾಗಿಲು ಮುಚ್ಚಿ, ಕೇಳಿದವರಿಗೆಲ್ಲ “ಅವನಿಗೆ ಜ್ವರ” ಎನ್ನುತ್ತಿದ್ದರು. ವರ್ಷವೆಲ್ಲ ಜ್ವರ ಬರುವ ಮನುಷ್ಯನನ್ನು ಬೀದಿಯೂ ನಂಬಿದಂತೆ ನಟಿಸಿತು. ಕೊನೆಗೊಂದು ದಿನ ಅವನು ಒಬ್ಬರ ಗಾಜನ್ನು ಇನ್ನೊಬ್ಬರ ಚೌಕಟ್ಟಿಗೆ ಕೂರಿಸಿ ಕೊಟ್ಟ. ಆ ಕನ್ನಡಕ ಹಾಕಿಕೊಂಡ ಮುದುಕಿ ಅಂಗಡಿಯ ಮೆಟ್ಟಿಲಲ್ಲೇ ಕಾಲುತಪ್ಪಿ ಬಿದ್ದಳು. ಮಾಲೀಕ ಅವನನ್ನು ಗಾಜು ಉಜ್ಜುವ ಯಂತ್ರದಿಂದ ಎಬ್ಬಿಸಿ ಕಸ ಗುಡಿಸಲು ಹಚ್ಚಿದ.

ಆಗ ದಾರಿ ಹುಡುಕಿದವಳು ಸೊಸೆ. ಆಸ್ಪತ್ರೆಯ ವಿಚಾರಣೆ ಕೌಂಟರಿನ ಹಿಂದೆ ಕುಳಿತು ದಿನವಿಡೀ ಜನರಿಗೆ ಯಾವ ರೋಗಕ್ಕೆ ಯಾವ ಬಾಗಿಲು ಎಂದು ಹೇಳುವವಳು, ತನ್ನ ಮನೆಯ ರೋಗಕ್ಕೆ ಯಾವ ಬಾಗಿಲೆಂದು ಯಾರನ್ನೂ ಕೇಳಲಾರದೆ ಒದ್ದಾಡಿದಳು. ಕಡೆಗೆ ಒಬ್ಬ ನರ್ಸಮ್ಮನ ಕಿವಿಯಲ್ಲಿ ಉಸುರಿದಾಗ ಸಿಕ್ಕಿದ್ದು ಒಂದೇ ಮಾತು: ಸೈಕಲ್ ಅಂಗಡಿಯ ಮೇಲಿನ ಕೋಣೆ. ಅಲ್ಲಿ ಮಕ್ಕಳಿಗೆ ಮನೆಪಾಠ ನಡೆಯುತ್ತದೆ. ಪಾಠವಿಲ್ಲದ ಸಂಜೆ ಕುಡಿತ ಬಿಡುವವರು ಸೇರುತ್ತಾರೆ. ಅವಳು ಮೊದಲು ಒಬ್ಬಳೇ ಹೋದಳು. ಕಿರಿದಾದ ಮೆಟ್ಟಿಲ ಬುಡದಲ್ಲಿ ನಿಂತಾಗ ಮೇಲಿನಿಂದ ಗೊಳ್ಳೆಂದು ನಗು ಕೇಳಿಸಿತು. ಇದೇನು ಇವರು ಕುಡಿಯದೆಯೇ ನಗುತ್ತಿದ್ದಾರಲ್ಲ ಎಂದು ಅವಳಿಗೆ ಆಶ್ಚರ್ಯ! ತನ್ನ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟು ಕಾಲವಾಯಿತೆಂದು ನೆನೆದು ಕಣ್ಣು ತುಂಬಿತು.

ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮೊಣಕಾಲು ಮಡಚಿಕೊಂಡು ಕುಳಿತಿದ್ದ ಗಂಡಸರು, ಒಬ್ಬಿಬ್ಬರು ಹೆಂಗಸರು ಅವಳತ್ತ ತಿರುಗಿದರು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಒಬ್ಬ ಮುದುಕ ಎದ್ದು ಜಾಗ ಬಿಟ್ಟ. ಎಲ್ಲರೂ ಅವನನ್ನು ಡ್ರೈವರಣ್ಣ ಎನ್ನುತ್ತಿದ್ದರು.

“ಯಾರಿಗಮ್ಮ, ನಿಮಗಾ?”

“ನಮ್ಮನೆಯವರಿಗೆ... ಅವರು ಮನೇಲಿ ಮಲಗಿದಾರೆ.”

“ಸರಿ ಬಿಡಿ. ನನ್ನ ಬದಲು ಮೊದಲು ಬಂದವಳೂ ನನ್ನ ಹೆಂಡತೀನೇ. ಆಮೇಲೆ ನಾನು ಬಂದಿದ್ದು ಇವಳು ಇಲ್ಲಿ ನನ್ನ ಮೇಲೆ ಏನೇನು ಚಾಡಿ ಹೇಳಿದಾಳೆ ಅಂತ ತಿಳ್ಕೊಳ್ಳೋಕೆ!”

ಗಂಡ ಬಂದ. ಬಂದವನು ಕೆಲವೇ ವಾರಗಳಲ್ಲಿ “ಇದೆಲ್ಲ ನನಗಾಗಲ್ಲ, ನಾಳೆಯಿಂದ ಬರಲ್ಲ” ಎಂದು ಎದ್ದು ನಿಂತ. ಡ್ರೈವರಣ್ಣ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟ.

“ಬರಬೇಡ. ಆದ್ರೆ ಇದು ನಿನ್ನ ಹತ್ರ ಇರತ್ತೆ. ನೀನು ಬರದಿದ್ರೆ ನಾವೆಲ್ಲ ಹೊರಗೆ.”

ಅದು ಅವರ ರೂಢಿ. ಆ ಕೋಣೆಯ ಬೀಗದ ಕೈಯನ್ನು ಗಟ್ಟಿಗನ ಕೈಗೆ ಎಂದೂ ಕೊಡುತ್ತಿರಲಿಲ್ಲ. ಯಾರು ಇಂದೋ ನಾಳೆಯೋ ಕಾಲು ಕೀಳುವಂತಿದ್ದಾರೋ ಅವರಿಗೇ ಕೊಡುತ್ತಿದ್ದರು. ಅಷ್ಟು ಜನ ತನಗಾಗಿ ಮೆಟ್ಟಿಲ ಮೇಲೆ ಕಾಯುತ್ತಾರೆಂಬ ಸಂಕಟಕ್ಕೇ ಅವನು ಪ್ರತಿ ವಾರ ಹೋದ. ಹೋದವನು ಕುಡಿಯಲಿಲ್ಲ. ಕೈ ನಡುಕ ನಿಂತಿತು, ಮಾಲೀಕ ಯಂತ್ರವನ್ನು ಮತ್ತೆ ಅವನಿಗೇ ಒಪ್ಪಿಸಿದ. ಸೊಸೆ ಸಂಜೆ ಹೊತ್ತು ಹಾಡು ಗುನುಗತೊಡಗಿದಳು.

ಟೀಚರಮ್ಮನಿಗೆ ಖುಷಿಯಾಗಲಿಲ್ಲವೇ? ಆಯಿತು. ಆದರೆ ಒಂದು ದಿನ ಔಷಧಿ ಅಂಗಡಿಯವನು ಹತ್ತು ಜನರೆದುರು, “ಟೀಚರಮ್ಮ, ನಿಮ್ಮ ಮಗ ಸೈಕಲ್ ಅಂಗಡಿ ಮೇಲೆ ಹೋಗೋದು ನೋಡಿದೆ. ಅದು ಕುಡುಕರ ಸಂಘ ಅಲ್ವಾ?” ಎಂದುಬಿಟ್ಟ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವರಿಗೆ. ಮಗ ಕುಡಿಯುತ್ತಿದ್ದಾಗ ಬಾಗಿಲು ಮುಚ್ಚಿದರೆ ಸಾಕಿತ್ತು. ಬಿಟ್ಟ ಮೇಲೆ ಎಲ್ಲರಿಗೂ ಗೊತ್ತಾಯಿತು! ಅದೂ ಅಳಿಯ ಎಂಥವನು! ದೊಡ್ಡ ಕಚೇರಿಯ ಅಧಿಕಾರಿ, ಇಸ್ತ್ರಿ ಮುರಿಯದ ಅಂಗಿ, ಅತ್ತೆ ನಿಂತಿದ್ದರೆ ತಾನು ಕೂರದ ವಿನಯ. “ಅವನನ್ನು ನೋಡಿ ಕಲಿ” ಎಂಬ ಮಾತನ್ನು ಮಗ ಊಟದ ಜೊತೆ ದಿನವೂ ನುಂಗುತ್ತಿದ್ದ. ಅಂಥ ಅಳಿಯನ ಕಿವಿಗೆ ಈ ಸಂಘದ ವಿಷಯ ಬೀಳುವುದೇ? ಅವನು ಬರುವ ಸಂಜೆಯಾದರೂ ಮಗ ಮರ್ಯಾದಸ್ಥನಂತೆ ಮನೆಯಲ್ಲಿ ಕೂರಲಿ ಎಂದುಕೊಂಡೇ ಅವರು ಬೀಗದ ಕೈಯನ್ನು ಗುಂಡಿಗಳ ಕೆಳಗೆ ಹುಗಿದಿಟ್ಟಿದ್ದು.

ಆ ಸಂಜೆ ಅಳಿಯ ಬರಲಿಲ್ಲ. ಹೊಸ ಹಾಸಿಗೆ ಹೊದಿಕೆ ಹಾಸಿ, ಟೀಚರಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕೊನೆಗೆ ಮಗಳ ಫೋನು ಬಂತು.

“ಅಮ್ಮ, ಇವರಿಗೆ ತಲೆನೋವು. ಇನ್ನೊಂದು ದಿನ ಬರ್ತೀವಿ.”

“ನಿನ್ನ ದನಿ ಯಾಕೆ ಹಾಗಿದೆ?”

“ಶೀತ ಅಮ್ಮ,” ಎಂದು ಮಗಳು ಫೋನಿಟ್ಟಳು.

ಅತ್ತ ಮಗ ಓಡಿ ಹೋಗುವಷ್ಟರಲ್ಲಿ ಜನ ಕಾದು ಸಾಕಾಗಿ ಬೀದಿ ಕೊನೆಯ ಬಸ್ ನಿಲ್ದಾಣದ ಕಲ್ಲುಬೆಂಚಿಗೆ ಹೋಗಿ ಕೂತಿದ್ದರು. ಇನ್ನೊಂದು ಬೀಗದ ಕೈ ಇಟ್ಟುಕೊಂಡಿದ್ದ ಮನೆಪಾಠದ ಮೇಷ್ಟರು ಊರಲ್ಲಿರಲಿಲ್ಲ. ಮಗ ತಪ್ಪಿತಸ್ಥನಂತೆ ನಿಂತಾಗ ಡ್ರೈವರಣ್ಣ, “ಬೀಗದ ಕೈ ಕಳೆದ್ರೆ ಕಳೀಲಿ, ನೀನು ಕಳೆದುಹೋಗಲಿಲ್ವಲ್ಲ” ಎಂದು ಬೆನ್ನು ತಟ್ಟಿದ. ಅಲ್ಲೇ, ಬಸ್ಸುಗಳ ಸದ್ದಿನ ನಡುವೆ ಸಭೆ ನಡೆಸಿ ಎದ್ದರು. ಮುಚ್ಚಿದ ಬಾಗಿಲ ಬಳಿ ಯಾರಾದರೊಬ್ಬರು ನಿಂತಿರಬೇಕಿತ್ತು ಎಂಬುದು ಮಾತ್ರ ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಟೀಚರಮ್ಮ “ಮಂಚದ ಕೆಳಗೆ ಬಿದ್ದಿತ್ತು ನೋಡು” ಎಂದು ಬೀಗದ ಕೈಯನ್ನು ಮತ್ತೆ ಮೊಳೆಗೆ ತಗುಲಿಹಾಕಿದರು.

ಆ ವಾರ ಮುಗಿದಿರಲಿಲ್ಲ. ಹಾಡುಹಗಲೇ, ಖಾಲಿ ರಸ್ತೆಯಲ್ಲೇ, ಅಳಿಯನ ಕಾರು ಸೇತುವೆಯ ಕಟ್ಟೆಗೆ ಗುದ್ದಿತು. ಅವನನ್ನು ತಂದದ್ದು ಸೊಸೆ ಕೆಲಸ ಮಾಡುವ ಆಸ್ಪತ್ರೆಗೇ. ಸ್ಟ್ರೆಚರ್ ತನ್ನ ಕೌಂಟರಿನ ಮುಂದೆ ಹಾದುಹೋದಾಗ ಆ ಇಸ್ತ್ರಿಯ ಅಂಗಿಯ ತೋಳನ್ನು ನೋಡಿಯೇ ಅವಳು ಗುರುತು ಹಿಡಿದಳು. ಅದರ ಹಿಂದೆಯೇ ತೇಲಿಬಂದ ವಾಸನೆಯನ್ನೂ ಗುರುತು ಹಿಡಿದಳು. ಎಷ್ಟು ವರ್ಷ ತನ್ನ ದಿಂಬಿನ ಪಕ್ಕದಲ್ಲೇ ಮಲಗಿದ್ದ ವಾಸನೆ ಅದು! ಅಳಿಯ ಮತ್ತೆ ಕಣ್ಣು ತೆರೆಯಲಿಲ್ಲ.

ಎಲ್ಲ ಮುಗಿದ ಮೇಲೆ, ಬಂದವರೆಲ್ಲ ಹೊರಟುಹೋದ ಒಂದು ಮಧ್ಯಾಹ್ನ, ಮಗಳ ಮನೆಯಲ್ಲಿ ಉಳಿದವರು ನಾಲ್ಕೇ ಜನ. ಮಗಳು ಗಂಡನ ಬೀರು ತೆರೆದು ಅಂಗಿಗಳನ್ನು ಮಡಚುತ್ತಿದ್ದಳು. ಟೀಚರಮ್ಮ ಅವಳ ತಲೆ ಸವರುತ್ತ ಹೇಳಿದರು.

“ಎಂಥ ಬಂಗಾರದಂಥ ಮನುಷ್ಯ... ಒಂದು ಕೆಟ್ಟ ಚಟ ಇರಲಿಲ್ಲ! ಇಂಥವರನ್ನೇ ಕರೆದುಕೊಳ್ತಾನಲ್ಲ ದೇವರು!”

ಮಗಳ ಕೈ ನಿಂತಿತು. ಅವಳು ಅಂಗಿಗಳ ಹಿಂದೆ ಕೈ ತೂರಿಸಿ ಒಂದು ಬಾಟಲಿ ತೆಗೆದು ಮಂಚದ ಮೇಲಿಟ್ಟಳು. ಬೂಟಿನ ಪೆಟ್ಟಿಗೆಯಿಂದ ಇನ್ನೊಂದು. ಕೋಟಿನ ಒಳಗಿನಿಂದ ಮತ್ತೊಂದು.

“ಮದುವೆಯಾದ ವರ್ಷದಿಂದಲೂ ಅಮ್ಮ. ಬಾಗಿಲು ಹಾಕ್ಕೊಂಡು ಕುಡೀತಿದ್ರು. ನಿನಗೆ ಹ್ಯಾಗೆ ಹೇಳಲಿ? ಅಣ್ಣನ್ನ ನೀನು ಬೈಯೋದು ಕೇಳಿದ್ನಲ್ಲ. ನೀನು ಅವರನ್ನ ಹೊಗಳಿದಾಗಲೆಲ್ಲ ಮನೆಗೆ ಬಂದು ಇನ್ನೂ ಜಾಸ್ತಿ ಕುಡೀತಿದ್ರು. ‘ನಿಮ್ಮಮ್ಮ ಹೊಗಳೋ ಆ ಮನುಷ್ಯ ಯಾರು? ನಾನಂತೂ ಅವನನ್ನ ನೋಡಿಲ್ಲ’ ಅಂತಿದ್ರು...”

ಅತ್ತಿಗೆ ಹತ್ತಿರ ಬಂದು ಅವಳ ಕೈ ಹಿಡಿದಳು. “ನೀನು ಅವತ್ತು ಪಕ್ಕದ ಮನೆಯವರಿಗೆ ಬೇಕು ಅಂತ ಮೀಟಿಂಗ್ ಜಾಗ ಕೇಳಿದ್ದು...”

“ಹೂಂ ಅತ್ತಿಗೆ, ಇವರಿಗೇ. ಅಣ್ಣ ಸರಿಹೋಗಿದ್ದು ನೋಡಿ ಇವರಿಗೂ ಧೈರ್ಯ ಬಂತು. ಎಷ್ಟು ತಿಂಗಳು ಹಿಂದೆ ಮುಂದೆ ನೋಡಿ, ಕಡೆಗೆ ಅವರೇ ‘ನಡಿ ಹೋಗೋಣ’ ಅಂದ್ರು. ‘ಅಲ್ಲಿ ನಿಮ್ಮಣ್ಣ ಇರ್ತಾನೆ, ಅವನ ಮುಂದೆ ನನಗೆ ನಾಚಿಕೆ ಇಲ್ಲ. ವಾಪಸ್ಸು ಬರ್ತಾ ನಿಮ್ಮಮ್ಮನಿಗೂ ಹೇಳಿಬಿಡೋಣ’ ಅಂದ್ರು. ನಾನು ಸೈಕಲ್ ಅಂಗಡಿ ಮುಂದೆ ನಿಂತಿದ್ದೆ. ಅವರು ಮೆಟ್ಟಿಲು ಹತ್ತಿದ್ರು...” ಅವಳು ಬಿಕ್ಕಿದಳು. “ಹತ್ತಿದ ಹಾಗೇ ಇಳಿದು ಬಂದ್ರು! ಬೀಗ ಹಾಕಿದೆ ಕಣೇ, ನನ್ನಂಥವನಿಗೆ ಅಲ್ಲೂ ಬಾಗಿಲಿಲ್ಲ ಅಂತ ನಕ್ಕುಬಿಟ್ರು. ಇನ್ನೊಂದು ವಾರ ಬರೋಣ ಅಂದೆ. ಕಾಲಿಗೆ ಬಿದ್ದೆ. ಇನ್ನೊಂದು ಸಲ ಆ ಮೆಟ್ಟಿಲು ಹತ್ತೋ ಶಕ್ತಿ ನನಗಿಲ್ಲ ಅಂದ್ರು... ಆ ಬಾಗಿಲು ಒಂದು ತೆರೆದಿದ್ದಿದ್ರೆ! ಅಯ್ಯೋ, ಅದೊಂದು ಸಂಜೆ ತೆರೆದಿದ್ದಿದ್ರೆ!”

ಮಗ ತಲೆ ಚಚ್ಚಿಕೊಂಡ. “ನನ್ನಿಂದ! ನಾನು ಬೀಗದ ಕೈ ಕಳೆದೆ, ನನ್ನಿಂದಲೇ ಆಯ್ತು...”

ಟೀಚರಮ್ಮ ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಬೀಗದ ಕೈಗೆ ಬಾಯಿಲ್ಲ, ಗುಂಡಿಗಳಿಗೂ ಬಾಯಿಲ್ಲ. ಇಷ್ಟು ಕಾಲ ಅವರು ಬಾಗಿಲು ಮುಚ್ಚಿಯೇ ಬಾಳಿದವರು, ಇದೊಂದನ್ನು ಮುಚ್ಚಿಡುವುದು ಕಷ್ಟವೇನಾಗಿರಲಿಲ್ಲ. ಆದರೆ ಎದುರಿಗೆ ಮಗ ತನ್ನದಲ್ಲದ ಪಾಪಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ, ಅವನ ಕೈಗೆಟುಕುವಷ್ಟು ಹತ್ತಿರದಲ್ಲಿ ಆ ಬಾಟಲಿಗಳು ನಿಂತಿದ್ದವು. ಅವರು ಎದ್ದು ನಿಂತರು.

“ನೀನು ಕಳೀಲಿಲ್ಲ. ನಾನು ಬಚ್ಚಿಟ್ಟಿದ್ದೆ.”

ಯಾರಿಗೂ ಅರ್ಥವಾಗಲಿಲ್ಲ.

“ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಅಳಿಯಂದಿರ ಮುಂದೆ ಮಾನ ಹೋಗತ್ತೆ ಅಂತ... ನನ್ನ ಕೈಯಾರೆ...”

ಸೊಸೆಯೇ ಮೊದಲು ಚೇತರಿಸಿಕೊಂಡಳು. “ಅತ್ತೆ, ಬಾಗಿಲು ತೆಗೆದಿದ್ರೂ ಅವರು ಬಿಡ್ತಿದ್ರೋ ಇಲ್ವೋ. ಯಾರಿಗೆ ಗೊತ್ತು...”

“ಗೊತ್ತಾಗೋದಕ್ಕೆ ನಾನು ಬಿಡಲಿಲ್ಲವಲ್ಲಮ್ಮ,” ಎಂದರು ಟೀಚರಮ್ಮ.

ಮಗಳು ಕಿರುಚಲಿಲ್ಲ, ಶಪಿಸಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ಮಡಚಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. “ನೀನು ಹೋಗಮ್ಮ,” ಎಂದಳು, ಬಹಳ ಮೆಲ್ಲಗೆ. “ಹೋಗು. ನಾನು ಕರೆಯೋವರೆಗೂ ಬರಬೇಡ.”

ಮಗ ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಬೀದಿಗಿಳಿದ. ಹೆಂಡತಿ ಹಿಂದೆ ಓಡಿದಳು, ಜನಜಂಗುಳಿಯಲ್ಲಿ ಅವನು ಕಾಣೆಯಾದ. ಹೆಂಡದಂಗಡಿ ಯಾವ ಮೂಲೆಯಲ್ಲಿದೆಯೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ತಮ್ಮ ಮನೆಗೆ ಮರಳಿ ಹೊಸ್ತಿಲಲ್ಲಿ ಕುಳಿತು, ಬೀದಿಯಲ್ಲಿ ಬರುವ ಪ್ರತಿಯೊಂದು ಹೆಜ್ಜೆ ಸದ್ದಿಗೂ ಮೈಯೆಲ್ಲ ಕಿವಿಯಾದರು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಟ್ಟಿಗೆ ಕುಳಿತು ಅವನಿಗಾಗಿ ಕಾದದ್ದು ಅದೇ ಮೊದಲು. ಸಂಜೆಯಾಗುವಾಗ ಅವನು ಬಂದ. ಜೊತೆಯಲ್ಲಿ ಡ್ರೈವರಣ್ಣ, ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು. ಸೊಸೆ ಎದ್ದು ಗಂಡನ ಉಸಿರಿನ ಹತ್ತಿರ ಮುಖ ಒಯ್ದಳು. ಏನೂ ಇರಲಿಲ್ಲ. ಬರೀ ಅತ್ತ ಮನುಷ್ಯನ ಬಿಸಿ ಉಸಿರು. ಅವಳು ಅಲ್ಲೇ ಅವನ ಎದೆಗೆ ಹಣೆಯಿಟ್ಟು ಗೋಳೋ ಎಂದು ಅತ್ತುಬಿಟ್ಟಳು.

ಅವನು ತಾಯಿಯನ್ನು ದಾಟಿಕೊಂಡು ಒಳಗೆ ಹೋದ.

ಮುಂದಿನ ಸಭೆಯ ದಿನ ಮೊಳೆ ಮತ್ತೆ ಖಾಲಿ. ಈ ಸಲ ಮಗ ಹುಡುಕಲಿಲ್ಲ. ಅವನು ಸೈಕಲ್ ಅಂಗಡಿಯ ಬಳಿ ಬಂದಾಗ ಮೇಲಿನ ಬಾಗಿಲು ಹಾರುಹೊಡೆದಿತ್ತು. ನೆಲ ಗುಡಿಸಿತ್ತು, ಕಪ್ಪುಹಲಗೆ ಒರೆಸಿತ್ತು. ಕೊನೆಯ ಸಾಲಿನ ಪುಟ್ಟ ಬೆಂಚಿನ ಮೇಲೆ ಟೀಚರಮ್ಮ ಕುಳಿತಿದ್ದರು. ಎಲ್ಲರೂ ಬಂದು ಕೂತ ಮೇಲೆ ಅವರು ಎದ್ದರು. ಜೀವಮಾನವೆಲ್ಲ ಮಕ್ಕಳನ್ನು ಎದ್ದು ನಿಲ್ಲಿಸಿ ಮಾತಾಡಿಸಿದವರು, ಈಗ ತಾವೇ ಬೆಂಚು ಹಿಡಿದುಕೊಂಡು ನಿಂತು, ಒಂದನ್ನೂ ಬಿಡದೆ ಹೇಳಿದರು. ಡಬ್ಬಿಯ ವಿಷಯ, ಗುಂಡಿಗಳ ವಿಷಯ, ಮೆಟ್ಟಿಲು ಹತ್ತಿ ಇಳಿದುಹೋದ ಮನುಷ್ಯನ ವಿಷಯ. ಆಮೇಲೆ ಬೀಗದ ಕೈಯನ್ನು ಡ್ರೈವರಣ್ಣನ ಮುಂದೆ ಚಾಚಿದರು.

“ತಗೊಳ್ಳಿ. ಇದನ್ನ ಮುಟ್ಟೋ ಯೋಗ್ಯತೆ ನನಗಿಲ್ಲ. ಇನ್ನು ಇಲ್ಲಿಗೆ ಮುಖ ತೋರಿಸಲ್ಲ.”

ಡ್ರೈವರಣ್ಣ ಕೈ ಮುಂದೆ ಮಾಡಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅವರ ಬೆರಳುಗಳನ್ನು ಬೀಗದ ಕೈಯ ಮೇಲೆ ಮಡಚಿದ.

“ಯಾರಿಗೆ ಇಲ್ಲಿಗೆ ಬರೋದು ಎಲ್ಲರಿಗಿಂತ ಕಷ್ಟವೋ ಅವರ ಹತ್ರ ಇರಬೇಕು ತಾಯಿ. ನಮ್ಮದು ಮೊದಲಿಂದ ಹಾಗೇನೇ.”

ಟೀಚರಮ್ಮ ಮಗನತ್ತ ನೋಡಿದರು. ಅವನು ಕಪ್ಪುಹಲಗೆಯತ್ತ ನೋಡುತ್ತಿದ್ದ. ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ಅಂದಿನಿಂದ ಪ್ರತಿ ವಾರವೂ ಅವರೇ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆರೆಯುತ್ತಾರೆ. ಮೇಲೆ ಕೂರುವುದಿಲ್ಲ. ಸೈಕಲ್ ಅಂಗಡಿಯವನು ಕೊಟ್ಟ ಮೋಟು ಸ್ಟೂಲಿನ ಮೇಲೆ, ಮೆಟ್ಟಿಲ ಬುಡದಲ್ಲಿ ಕೂರುತ್ತಾರೆ. ಔಷಧಿ ಅಂಗಡಿಯವನು ಒಮ್ಮೆ ಹಾದುಹೋಗುತ್ತ, “ಏನು ಟೀಚರಮ್ಮ, ಇಲ್ಲಿ?” ಎಂದ. “ನನ್ನ ಮಗ ಮೇಲಿದಾನೆ,” ಎಂದರು, ಬೀದಿಗೆಲ್ಲ ಕೇಳುವಂತೆ. ಮಗನ ಜೊತೆ ಮಾತು ಅಗತ್ಯವಿದ್ದಷ್ಟೇ. ಮಗಳ ಜೊತೆ ಅದೂ ಇಲ್ಲ. ಮೇಲೆ ಸಭೆ ಶುರುವಾದ ಮೇಲೆ ಅವರು ಫೋನು ತೆಗೆದು ಅವಳಿಗೆ ಕರೆಮಾಡುತ್ತಾರೆ. ಅತ್ತ ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ.

ಮೊನ್ನೆಯೂ ಹಾಗೇ ನಿಂತಿತು. ಫೋನನ್ನು ಕೈಚೀಲಕ್ಕೆ ಹಾಕುವಾಗ ಅವರ ಕಣ್ಣಿಗೆ ಒಬ್ಬ ಬಿದ್ದ. ಇಸ್ತ್ರಿ ಮುರಿಯದ ಅಂಗಿ, ಒಳ್ಳೆಯ ಬೂಟು. ಅಂಗಡಿಯ ಮುಂದೆ ತೂಗುಹಾಕಿದ್ದ ಟೈರುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಸ್ವಲ್ಪ ದೂರ ಹೋದ, ಮತ್ತೆ ಬಂದ. ಮೆಟ್ಟಿಲತ್ತ ಒಮ್ಮೆ ನೋಡಿ ಬೆನ್ನು ತಿರುಗಿಸಿದ. ಟೀಚರಮ್ಮ ಮಂಡಿ ಹಿಡಿದುಕೊಂಡು ಎದ್ದರು.

“ಮೇಲೆ ಹೋಗಪ್ಪ. ಬಾಗಿಲು ತೆಗೆದಿದೆ.”

ಅವನು ಬೆಚ್ಚಿದ. “ಇಲ್ಲಮ್ಮ, ನಾನು... ಸುಮ್ಮನೆ ಟೈರ್ ನೋಡೋಕೆ ಬಂದೆ.”

“ನೋಡು, ಅವಸರ ಇಲ್ಲ. ನಾನು ಬೀಗ ಹಾಕೋದು ನೀನು ಬಂದು ಹೋದ ಮೇಲೇನೇ.”

ಅವನು ಇನ್ನಷ್ಟು ಹೊತ್ತು ಟೈರುಗಳನ್ನು ನೋಡಿದ. ಆಮೇಲೆ ತಲೆತಗ್ಗಿಸಿ ಅವರ ಪಕ್ಕದಿಂದ ಹಾದು ಮೆಟ್ಟಿಲು ಹತ್ತಿದ. ಟೀಚರಮ್ಮ ಗೋಡೆಗೆ ಕೈಯೂರಿ ನಿಂತು ಕೇಳಿಸಿಕೊಂಡರು. ಮೆಟ್ಟಿಲ ಸದ್ದು ನಡುವೆ ಒಮ್ಮೆ ನಿಂತಿತು. ಮತ್ತೆ ಸದ್ದು ಮೇಲೇರಿತು. ಬೆಂಚು ಎಳೆದ ಸದ್ದಾಯಿತು. ಮೇಲಿನಿಂದ ಅವರ ಮಗನ ದನಿ ಕೇಳಿಸಿತು.

“ಬನ್ನಿ ಸಾರ್, ಇಲ್ಲಿ ನನ್ನ ಪಕ್ಕ ಜಾಗ ಇದೆ.”

ಟೀಚರಮ್ಮ ಮತ್ತೆ ಸ್ಟೂಲಿನ ಮೇಲೆ ಕುಳಿತು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬೀದಿಯ ಕಡೆಗೆ ನೋಡತೊಡಗಿದರು.